ಗಡೀಪಾರಾದವರ ಆಶ್ರಯದಾತ ಜಿ. ಎ. ನಟೇಶನ್

ಪ್ಯಾರೀಸ್ ಕಾರ್ನರಿನ ಜನಸಂದಣಿಯನ್ನು ಹಾದು ಪ್ರತಿನಿತ್ಯ ಹೋಟೆಲಿಗೋ ಕಛೇರಿಗೋ ನಡೆದುಹೋಗುವ ನಮ್ಮ ವಾಚಕರಿಗೆ ಆ ಸ್ಥಳದ ವರ್ಣನೆ ಬೇಕಾಗಿಲ್ಲ. ಒಂದು ಪಾರ್ಶ್ವದಲ್ಲಿ ಹೈಕೋರ್ಟಿನ ಕೆಂಪು ಗುಮ್ಮಟಗಳು. ಇನ್ನೊಂದು ಪಾರ್ಶ್ವದಲ್ಲಿ ಬಂದರು. ನಡುವೆ ಡೇರ್ ಹೌಸ್. ಆಸುಪಾಸಿನಲ್ಲಿ ತಂಬು ಚೆಟ್ಟಿ, ಲಿಂಗಿ ಚೆಟ್ಟಿ, ಸುಂಕುರಾಮ ಚೆಟ್ಟಿ ಎಂದು ಹಳೆಯ ವರ್ತಕರ ಹೆಸರು ಹೊತ್ತ ಇಕ್ಕಟ್ಟಾದ ಬೀದಿಗಳು. ಈ ಬಂದರಿನಿಂದ ಸಾವಿರಾರು ಬಡವರು ಹೊಟ್ಟೆಪಾಡಿಗಾಗಿ ಕಡಲು ದಾಟಿ ಹೋದರು. ಹೋದ ನಾಡು ತಮ್ಮನ್ನು ಹೊರದೂಡಿದಾಗ ಅವರಲ್ಲಿ ಕೆಲವರು ಬರಿಗೈಯಲ್ಲಿ ಈ ಊರಿಗೇ ಹಿಂದಿರುಗಿ ಬಂದರು.

1910ರಲ್ಲಿ ಹಾಗೆ ಬಂದವರಿಗೆ ಅನ್ನ, ಬಟ್ಟೆ, ತಂಗುವ ಸ್ಥಳ ಒದಗಿಸಿ, ಮರಳಿ ಹೋಗಲು ನೆರವಾದವರು ಸರ್ಕಾರದವರಲ್ಲ, ವಕೀಲರೂ ಅಲ್ಲ. ಸುಂಕುರಾಮ ಚೆಟ್ಟಿ ಬೀದಿಯಲ್ಲಿ ಅಚ್ಚುಕೂಟ ನಡೆಸುತ್ತಿದ್ದ ಜಿ. ಎ. ನಟೇಶನ್ ಎಂಬ ಮುದ್ರಕರು. ಗ್ರಂಥಪ್ರಕಾಶಕರೆಂದೂ ಇಂಡಿಯನ್ ರಿವ್ಯೂ ಮಾಸಪತ್ರಿಕೆಯ ಸಂಪಾದಕರೆಂದೂ ದೇಶವೆಲ್ಲ ಬಲ್ಲ ಈ ಮಹನೀಯರ ಜೀವನದಲ್ಲಿ ಈ ಒಂದು ಅಧ್ಯಾಯ ಈಗ ಬಹಳ ಮಟ್ಟಿಗೆ ಮರೆತುಹೋಗಿದೆ. ಊರು ಬಿಟ್ಟು ಬಂದು ದುಡಿಯುವ ನಮ್ಮಂತಹವರು ಅದನ್ನು ಮರೆಯಬಾರದು.

ಕಾವೇರಿ ತೀರದಿಂದ ಕಡಲ ತೀರಕ್ಕೆ

ನಟೇಶನ್ ಅವರು ಹುಟ್ಟಿದ್ದು 1873ರ ಆಗಸ್ಟ್ ತಿಂಗಳಿನಲ್ಲಿ, ತಂಜಾವೂರು ಜಿಲ್ಲೆಯ ಗಣಪತಿ ಅಗ್ರಹಾರದಲ್ಲಿ. ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯೇ ಆ ಸೀಮೆಯ ಗದ್ದೆಗಳಿಗೂ ನೀರುಣಿಸುವವಳು. ಚೌತಿಯ ದಿನ ಆ ಊರಿನಲ್ಲಿ ಮನೆಮನೆಯಲ್ಲಿ ಗಣಪತಿಯನ್ನಿಟ್ಟು ಪೂಜಿಸುವ ಪದ್ಧತಿಯಿಲ್ಲ. ಊರಿನವರೆಲ್ಲರೂ ದೇವಸ್ಥಾನಕ್ಕೇ ಹೋಗಿ ಒಬ್ಬನೇ ಗಣಪತಿಯನ್ನು ಪೂಜಿಸುತ್ತಾರೆ. ಎಲ್ಲರೂ ಕೂಡಿ ಮಾಡುವ ಕೆಲಸದಲ್ಲಿ ನಟೇಶನ್ ಅವರಿಗಿದ್ದ ಶ್ರದ್ಧೆಗೆ ಇದು ಒಪ್ಪುವ ಹುಟ್ಟೂರು.

ಕುಂಭಕೋಣದಲ್ಲಿಯೂ ತಿರುಚಿನಾಪಳ್ಳಿಯಲ್ಲಿಯೂ ವ್ಯಾಸಂಗ ಮಾಡಿ, ಬಳಿಕ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. 1897ರಲ್ಲಿ ಬಿ. ಎ. ಪದವಿಯನ್ನು ಪಡೆದರು. ಆ ಕಾಲದ ಪದವೀಧರರಿಗೆ ಎರಡು ದಾರಿಗಳು ಸುಲಭವಾಗಿ ತೆರೆದಿದ್ದವು: ಒಂದು ಸರ್ಕಾರಿ ನೌಕರಿ, ಇನ್ನೊಂದು ವಕೀಲಿ. 1892ರಲ್ಲಿ ಉದ್ಘಾಟನೆಯಾದ ಹೈಕೋರ್ಟಿನ ಹೊಸ ಕಟ್ಟಡ ಅಂದು ಬುದ್ಧಿವಂತ ತರುಣರೆಲ್ಲರನ್ನೂ ತನ್ನೆಡೆಗೆ ಸೆಳೆಯುತ್ತಿತ್ತು. ನಟೇಶನ್ ಆ ಎರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದರು. ಮದ್ರಾಸ್ ಟೈಮ್ಸ್ ಪತ್ರಿಕೆಯ ಸಂಪಾದಕರಾಗಿದ್ದ ಗ್ಲಿನ್ ಬಾರ್ಲೋ ಎಂಬ ಆಂಗ್ಲರ ಕೈಕೆಳಗೆ ಪತ್ರಿಕೋದ್ಯಮವನ್ನು ಕಲಿತರು. ಅನಂತರ ಸೋದರ ವೈದ್ಯರಾಮನ್ ಅವರೊಡಗೂಡಿ ಜಿ. ಎ. ನಟೇಶನ್ ಅಂಡ್ ಕಂಪೆನಿ ಎಂಬ ಪ್ರಕಾಶನ ಸಂಸ್ಥೆಯನ್ನು ನಡೆಸಿದರು. 1900ರಲ್ಲಿ ಇಂಡಿಯನ್ ರಿವ್ಯೂ ಹೊರಬಂದಿತು.

ಈ ಸಂಸ್ಥೆಯ ಪುಸ್ತಕಗಳು ಬೆಲೆಯಲ್ಲಿ ಅಗ್ಗ, ವಿಷಯದಲ್ಲಿ ಗಟ್ಟಿ. ಕಾಂಗ್ರೆಸ್ಸಿನ ನಾಯಕರ ಭಾಷಣಗಳು, ದೇಶದ ಹಿರಿಯರ ಸಂಕ್ಷಿಪ್ತ ಜೀವನಚರಿತ್ರೆಗಳು, ಅಂಕಿಅಂಶಗಳಿಂದ ಕೂಡಿದ ಕಿರುಹೊತ್ತಗೆಗಳು ಸಣ್ಣ ಸಂಬಳದ ಗುಮಾಸ್ತನೂ ಕೊಳ್ಳಬಹುದಾದ ದರದಲ್ಲಿ ದೊರೆಯುತ್ತಿದ್ದವು. ನಟೇಶನ್ ಮಿತವಾದಿಗಳ ಪಕ್ಷದವರು. ಗಟ್ಟಿಯಾಗಿ ಕೂಗಿ ಪ್ರಯೋಜನವಿಲ್ಲ, ಸತ್ಯಾಂಶಗಳನ್ನು ಅಚ್ಚುಮಾಡಿ ಜನರ ಕೈಗಿತ್ತರೆ ಅವೇ ಕೆಲಸ ಮಾಡುತ್ತವೆ ಎಂಬುದು ಅವರ ನಂಬಿಕೆಯಾಗಿತ್ತು.

ಕಡಲಾಚೆಯ ಬವಣೆ

ಇಲ್ಲಿ ಸ್ವಲ್ಪ ಹಿಂದಿನ ವೃತ್ತಾಂತವನ್ನು ಹೇಳಬೇಕು. 1860ರ ಅಕ್ಟೋಬರಿನಲ್ಲಿ ಟ್ರುರೋ ಎಂಬ ಹಡಗು 342 ಮಂದಿ ಕರಾರಿನ ಕೂಲಿಗಳನ್ನು ಹೊತ್ತು ಮದರಾಸಿನಿಂದ ಹೊರಟು, ನವೆಂಬರ್ 16ರಂದು ದಕ್ಷಿಣ ಆಫ್ರಿಕದ ನೇಟಾಲಿನ ಡರ್ಬನ್ ರೇವನ್ನು ಸೇರಿತು. ಅಂದಿನಿಂದ 1911ರ ವರೆಗೆ ಅಲ್ಲಿನ ಕಬ್ಬಿನ ತೋಟಗಳಿಗೂ ಕಲ್ಲಿದ್ದಲ ಗಣಿಗಳಿಗೂ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಭಾರತೀಯರು ಹೋದರು. ಅವರಲ್ಲಿ ಅಧಿಕಾಂಶ ಜನರು ಮದರಾಸು ಬಂದರಿನಿಂದಲೇ ಹಡಗು ಹತ್ತಿದವರು. ಕರಾರು ಮುಗಿದ ಮೇಲೆ ಅನೇಕರು ಅಲ್ಲಿಯೇ ನೆಲೆಸಿ ತೋಟಗಾರಿಕೆ, ಅಂಗಡಿ, ಸಣ್ಣಪುಟ್ಟ ಕಸಬುಗಳನ್ನು ನಡೆಸಿದರು. ಅವರ ಹಿಂದೆ ವರ್ತಕರೂ ಹೋದರು.

ಕೂಲಿಯಾಗಿದ್ದಾಗ ಬೇಕಾಗಿದ್ದ ಭಾರತೀಯನು ಸ್ವತಂತ್ರನಾಗಿ ಬಾಳತೊಡಗಿದಾಗ ಅಲ್ಲಿಯ ಬಿಳಿಯರಿಗೆ ಬೇಡವಾದನು. ಈ ಸಂಕಟಗಳನ್ನು ವಿವರಿಸಲು ಗಾಂಧೀಜಿಯವರು 1896ರ ಅಕ್ಟೋಬರ್ 26ರಂದು ಪ್ಯಾರೀಸ್ ಕಾರ್ನರಿಗೆ ಸಮೀಪದ ಪಚ್ಚಯ್ಯಪ್ಪ ಸಭಾಂಗಣದಲ್ಲಿ ಭಾಷಣ ಮಾಡಿದರು. ಒಡೆಯನಿಂದ ಪೆಟ್ಟು ತಿಂದು ರಕ್ತಸಿಕ್ತನಾಗಿ ತಮ್ಮ ಬಳಿಗೆ ಬಂದ ಬಾಲಸುಂದರಂ ಎಂಬ ತಮಿಳು ಕೂಲಿಯ ವೃತ್ತಾಂತವು ಮದರಾಸಿನ ಜನರ ಮನಸ್ಸನ್ನು ಕಲಕಿತು. ಸಭೆ ಮುಗಿದೊಡನೆ ಅವರ ಹಸುರು ಹೊದಿಕೆಯ ಪುಸ್ತಿಕೆಗೆ ಜನ ಮುಗಿಬಿದ್ದರು; 10,000 ಪ್ರತಿಗಳ ಎರಡನೆಯ ಮುದ್ರಣವನ್ನು ತೆಗೆಯಬೇಕಾಯಿತು. ನಟೇಶನ್ ಅವರಿಗೆ ಆಗ 23 ವರ್ಷ ವಯಸ್ಸು.

ಮರುವರ್ಷವೇ, ಅಂದರೆ 1897ರಲ್ಲಿ, ನೇಟಾಲಿನ ಸರ್ಕಾರವು ಎರಡು ಕಾನೂನುಗಳನ್ನು ಮಾಡಿತು. ಒಂದು ಪ್ರವೇಶ ನಿರ್ಬಂಧದ ಕಾನೂನು: ಯೂರೋಪಿನ ಒಂದು ಭಾಷೆಯಲ್ಲಿ ಬರೆಯಲು ಬಾರದವನನ್ನು ಅಧಿಕಾರಿಯು ರೇವಿನಿಂದಲೇ ಹಿಂದಕ್ಕೆ ಕಳುಹಿಸಬಹುದು. ಇನ್ನೊಂದು ಅಂಗಡಿ ಲೈಸೆನ್ಸಿನ ಕಾನೂನು: ಲೈಸೆನ್ಸು ಕೊಡುವುದೂ ಬಿಡುವುದೂ ಪುರಸಭೆಯ ಅಧಿಕಾರಿಯ ಇಚ್ಛೆ, ಅವನ ತೀರ್ಮಾನದ ಮೇಲೆ ಅಪೀಲು ಹೋಗಬೇಕಾದದ್ದು ಅವನನ್ನು ನೇಮಿಸಿದ ಪುರಸಭೆಗೇ, ಸುಪ್ರೀಂ ಕೋರ್ಟಿಗೆ ಹೋಗುವ ಹಾದಿ ಇಲ್ಲ. ಈ ಕಾನೂನನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ ಸಹ 1899ರಲ್ಲಿ ಎತ್ತಿಹಿಡಿಯಿತು. ಇದರಿಂದ ಎಷ್ಟು ಅಂಗಡಿಗಳು ಬಾಗಿಲು ಹಾಕಿಕೊಂಡವೆಂಬುದನ್ನು ಲೈಸೆನ್ಸಿಗಾಗಿ ಕಾಯ್ದು ಅನುಭವವುಳ್ಳ ಹೋಟೆಲಿನವರು ತಾವೇ ಊಹಿಸಬಲ್ಲರು. ಕೊನೆಗೆ 1909ರಲ್ಲಿ, ಇರುವ ಲೈಸೆನ್ಸನ್ನು ನವೀಕರಿಸದಿದ್ದಾಗ ಮಾತ್ರ ಸುಪ್ರೀಂ ಕೋರ್ಟಿಗೆ ಹೋಗಬಹುದೆಂದು ಕಾನೂನು ತಿದ್ದುಪಡಿಯಾಯಿತು. ಹನ್ನೆರಡು ವರ್ಷಗಳ ಹೋರಾಟದಿಂದ ಅಷ್ಟು ಬಾಗಿಲು ತೆರೆಯಿತು.

ಅಪೀಲಿಲ್ಲದ ಆಜ್ಞೆ

ನೇಟಾಲಿನ ನೆರೆಯ ಟ್ರಾನ್ಸ್‌ವಾಲಿನಲ್ಲಿ ಸ್ಥಿತಿಯು ಇನ್ನೂ ಕಠಿನವಾಗಿತ್ತು. ಪ್ರತಿಯೊಬ್ಬ ಏಷ್ಯಾದವನೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಂಡು, ಆ ಚೀಟಿಯನ್ನು ಪೊಲೀಸರು ಕೇಳಿದಲ್ಲಿ ತೋರಿಸಬೇಕೆಂಬ ಕಾನೂನು 1907ರಲ್ಲಿ ಜಾರಿಗೆ ಬಂದಿತು. ಇದನ್ನು ಮುಂಗಂಡು 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನಲ್ಲಿ ಭಾರತೀಯರು ಮಾಡಿದ ಪ್ರತಿಜ್ಞೆಯಿಂದಲೇ ಸತ್ಯಾಗ್ರಹದ ಜನನವಾಯಿತೆಂಬುದು ಎಲ್ಲರೂ ಬಲ್ಲ ವಿಷಯ. ಚೀಟಿ ತೋರಿಸದವರನ್ನು ಮೊದಮೊದಲು ಸೆರೆಮನೆಗೆ ಹಾಕಿದರು. ಸೆರೆಮನೆಗೆ ಅವರು ಅಂಜಲಿಲ್ಲ. ಬಡ ಕೂಲಿಗಳು, ಬುಟ್ಟಿ ಹೊತ್ತು ತರಕಾರಿ ಮಾರುವವರು, ಹೋಟೆಲು ಪರಿಚಾರಕರು ಮತ್ತೆ ಮತ್ತೆ ಸೆರೆ ಸೇರಿದರು. ಆಗ ಸರ್ಕಾರವು ಹೊಸ ಅಸ್ತ್ರವೊಂದನ್ನು ಕೈಗೆತ್ತಿಕೊಂಡಿತು. ಅದೇ ಗಡೀಪಾರು.

ಇದರ ಕ್ರಮವನ್ನು ವಾಚಕರು ಗಮನಿಸಬೇಕು. ಚೀಟಿಯಿಲ್ಲದವನನ್ನು ಮ್ಯಾಜಿಸ್ಟ್ರೇಟರ ಮುಂದೆ ತರುತ್ತಿದ್ದರು. ಅವನನ್ನು ನಾಡಿನಿಂದ ಹೊರಹಾಕಬೇಕೆಂದು ಮ್ಯಾಜಿಸ್ಟ್ರೇಟರು ಅಪ್ಪಣೆ ಮಾಡುತ್ತಿದ್ದರು. ಈ ಅಪ್ಪಣೆಯು ಅಪರಾಧಕ್ಕೆ ವಿಧಿಸಿದ ಶಿಕ್ಷೆಯಲ್ಲ, ಆಡಳಿತದ ಒಂದು ಕ್ರಮ ಮಾತ್ರ ಎಂಬ ವಾದದಿಂದ ಅಪೀಲಿನ ಹಾದಿಯನ್ನು ಮುಚ್ಚಲಾಗಿತ್ತು. ಅಲ್ಲಿ ಕಳ್ಳತನ ಮಾಡಿದವನಿಗೆ ಮೇಲಿನ ಕೋರ್ಟಿಗೆ ಹೋಗುವ ಹಕ್ಕಿತ್ತು. ಹತ್ತಾರು ವರ್ಷ ಅಲ್ಲಿ ಬಾಳಿ, ಮನೆ ಕಟ್ಟಿ, ಮಕ್ಕಳನ್ನು ಹೆತ್ತು, ಯಾರಿಗೂ ಅಪಕಾರ ಮಾಡದವನಿಗೆ ಆ ಹಕ್ಕಿರಲಿಲ್ಲ. ಟ್ರಾನ್ಸ್‌ವಾಲಿಗೆ ಸ್ವಂತ ರೇವಿಲ್ಲವಾದ್ದರಿಂದ ಪೋರ್ಚುಗೀಸರ ಸೀಮೆಯಾದ ಡೆಲಗೋವ ಕೊಲ್ಲಿಗೆ ರೈಲಿನಲ್ಲಿ ಒಯ್ದು, ಅಲ್ಲಿಂದ ಭಾರತಕ್ಕೆ ಹೋಗುವ ಹಡಗಿನ ಅಟ್ಟದ ಮೇಲೆ ಹತ್ತಿಸಿಬಿಡುತ್ತಿದ್ದರು. ಹೆಂಡತಿ ಮಕ್ಕಳು ಅಲ್ಲಿ. ಸಾಲ ವಸೂಲಾಗದ ಅಂಗಡಿ ಅಲ್ಲಿ. ಮನುಷ್ಯನೊಬ್ಬ ಮಾತ್ರ ಉಟ್ಟ ಬಟ್ಟೆಯಲ್ಲಿ ಕಡಲ ಮೇಲೆ. ಹೀಗೆ ಗಡೀಪಾರಾದವರಲ್ಲಿ ಆಫ್ರಿಕದಲ್ಲಿಯೇ ಹುಟ್ಟಿ ಭಾರತವನ್ನು ಕಣ್ಣಿಂದಲೂ ಕಾಣದ ಹುಡುಗರೂ ಇದ್ದರು.

ಈ ಸಂಗತಿಗಳನ್ನು ಭಾರತದ ಜನರಿಗೆ ತಿಳಿಸಲು ಗಾಂಧೀಜಿಯವರು 1909ರಲ್ಲಿ ತಮ್ಮ ಸಹೋದ್ಯೋಗಿ ಹೆನ್ರಿ ಪೋಲಕ್ ಅವರನ್ನು ಕಳುಹಿಸಿದರು. ಪೋಲಕ್ ಆಂಗ್ಲ ದೇಶದ ಯಹೂದ್ಯರು, ಸ್ವತಃ ವಕೀಲರು. ಮದರಾಸಿನಲ್ಲಿ ಅವರಿಗೆ ನಟೇಶನ್ ಅವರ ನೆರವು ದೊರೆಯಿತು. ದಕ್ಷಿಣ ಆಫ್ರಿಕದ ಭಾರತೀಯರ ಸ್ಥಿತಿಯನ್ನು ಕುರಿತು ಪೋಲಕ್ ಬರೆದ ಗ್ರಂಥವನ್ನು 1909ರಲ್ಲಿ ನಟೇಶನ್ ಕಂಪೆನಿಯೇ ಪ್ರಕಟಿಸಿತು. ಆಯಾ ಪ್ರಾಂತದ ಕಾನೂನು ಯಾವುದು, ಅದರಿಂದ ಯಾರಿಗೆ ಏನಾಯಿತು ಎಂಬುದನ್ನು ಅದು ಒಂದೊಂದಾಗಿ ಬಿಡಿಸಿ ಹೇಳಿತು. ಮದರಾಸಿನಲ್ಲಿ ಇಂಡಿಯನ್ ಸೌತ್ ಆಫ್ರಿಕನ್ ಲೀಗ್ ಎಂಬ ಸಂಘವೂ ಏರ್ಪಟ್ಟಿತು. ಹೈಕೋರ್ಟಿನ ನ್ಯಾಯಾಧೀಶರಾಗಿ, ಹಂಗಾಮಿ ಮುಖ್ಯ ನ್ಯಾಯಾಧೀಶರಾಗಿಯೂ ಕೆಲಸ ಮಾಡಿ ನಿವೃತ್ತರಾಗಿದ್ದ ಸರ್ ಎಸ್. ಸುಬ್ರಹ್ಮಣ್ಯ ಅಯ್ಯರ್ ಅವರು ಇದರ ಅಧ್ಯಕ್ಷರು, ನಟೇಶನ್ ಕಾರ್ಯದರ್ಶಿಗಳು. ಕೋರ್ಟಿನ ಬಾಗಿಲು ಮುಚ್ಚಿದ್ದ ಜನರ ಪರವಾಗಿ ಒಬ್ಬ ಹಿರಿಯ ನ್ಯಾಯಾಧೀಶರೂ ಒಬ್ಬ ಮುದ್ರಕರೂ ಕೂಡಿದ್ದು ಎಷ್ಟೊಂದು ಅರ್ಥಗರ್ಭಿತವಾದುದು!

ಮದರಾಸಿಗೆ ಬಂದ ಅತಿಥಿಗಳು

1910ರ ಬೇಸಗೆಯಲ್ಲಿ ಗಡೀಪಾರಾದವರ ತಂಡಗಳು ಭಾರತವನ್ನು ತಲುಪತೊಡಗಿದವು. ಅವರಲ್ಲಿ ಬಹುಮಂದಿ ತಮಿಳರು. ಹಡಗಿನ ಅಟ್ಟದ ಮೇಲೆ ಬಿಸಿಲು, ಮಳೆ, ಚಳಿಗಳಿಗೆ ಮೈಯೊಡ್ಡಿ ಬಂದವರಿಗೆ ಕೈಯಲ್ಲಿ ಕಾಸಿಲ್ಲ. ಮದರಾಸಿನಲ್ಲಿ ಹಲವರಿಗೆ ಬಂಧುಗಳಿಲ್ಲ. ಹೊಸ ಊರಿನಲ್ಲಿ ರೈಲಿಳಿದ ಮೊದಲ ರಾತ್ರಿಯು ಎಂಥದೆಂಬುದನ್ನು ನಮ್ಮಲ್ಲಿ ಅನೇಕರು ಅನುಭವಿಸಿದ್ದೇವೆ. ಆದರೆ ನಾವು ಬಂದದ್ದು ಕೆಲಸ ಹುಡುಕಿಕೊಂಡು. ಅವರು ಬಂದದ್ದು ಇದ್ದ ಕೆಲಸವನ್ನೂ ಮನೆಯನ್ನೂ ಕಳೆದುಕೊಂಡು.

ಇಂತಹವರನ್ನು ನಟೇಶನ್ ಅತಿಥಿಗಳೆಂದು ಬರಮಾಡಿಕೊಂಡರು. ಊಟ ವಸತಿಗಳನ್ನು ಏರ್ಪಡಿಸಿದರು. ಚಂದಾ ಎತ್ತಿದರು. ಸಭೆಗಳನ್ನು ನೆರೆಯಿಸಿ ಅವರ ವೃತ್ತಾಂತವು ಜನರ ಕಿವಿಗೆ ಬೀಳುವಂತೆ ಮಾಡಿದರು. ಟ್ರಾನ್ಸ್‌ವಾಲಿನ ಯಾವ ನ್ಯಾಯಾಲಯವೂ ಕೇಳದ ಅಹವಾಲನ್ನು ಮದರಾಸಿನ ಸಾರ್ವಜನಿಕರು ಕೇಳಿದರು. ಇಷ್ಟಕ್ಕೆ ನಿಲ್ಲಿಸಿದ್ದರೆ ಅದು ಒಳ್ಳೆಯ ಧರ್ಮಕಾರ್ಯವೆನಿಸಿಕೊಳ್ಳುತ್ತಿತ್ತು. ಆದರೆ ಅವರಿಗೆ ಇಲ್ಲಿಯೇ ಒಂದು ಕೂಲಿ ಕೊಡಿಸಿ ಸಮಾಧಾನಪಡಿಸಿದರೆ ಗಡೀಪಾರು ಮಾಡಿದವರ ಉದ್ದೇಶವೇ ನೆರವೇರಿದಂತಾಗುತ್ತಿತ್ತು. ಅವರ ಹಕ್ಕು ಇದ್ದದ್ದು ಆಫ್ರಿಕದಲ್ಲಿ. ಆದ್ದರಿಂದ ಅವರನ್ನು ಮರಳಿ ಕಳುಹಿಸುವುದೇ ಸರಿಯಾದ ಉತ್ತರವೆಂದು ನಿಶ್ಚಯವಾಯಿತು. ಪೋಲಕ್ ಅವರ ಜತೆಯಲ್ಲಿ ಅನೇಕರು ಹಿಂದಿರುಗಿ ಹೊರಟರು.

ಆ ಪ್ರಯಾಣವು ಸುಖಾಂತವಾಗಲಿಲ್ಲ. 1910ರ ಸೆಪ್ಟೆಂಬರ್ ಕೊನೆಯಲ್ಲಿ ಡರ್ಬನ್ನಿಗೆ ತಲುಪಿದಾಗ ಹಲವರಿಗೆ ಇಳಿಯಲು ಅಪ್ಪಣೆ ಸಿಕ್ಕಲಿಲ್ಲ. ರೇವಿನಿಂದ ರೇವಿಗೆ ಅವರನ್ನು ಅಲೆಸಿದರು. ಹೊದೆಯಲು ಸರಿಯಾದ ಬಟ್ಟೆಯಿಲ್ಲದೆ ಹಡಗಿನ ಅಟ್ಟದ ಮೇಲೆಯೇ ದಿನಗಳೆಯಬೇಕಾಯಿತು. ಅವರಲ್ಲಿ ನಾರಾಯಣಸ್ವಾಮಿ ಎಂಬ ತರುಣನು ಅಕ್ಟೋಬರ್ 16ರಂದು ಡೆಲಗೋವ ಕೊಲ್ಲಿಯಲ್ಲಿ ಅಸುನೀಗಿದನು. ಬ್ರಿಟಿಷ್ ಚಕ್ರವರ್ತಿಯ ಪ್ರಜೆಯಾದವನಿಗೆ ಬ್ರಿಟಿಷ್ ಧ್ವಜ ಹಾರುವ ಯಾವ ರೇವಿನಲ್ಲಿಯೂ ಕಾಲಿಡಲು ನೆಲ ಸಿಕ್ಕಲಿಲ್ಲ. ಅವನ ಹಕ್ಕು ನಿಜವೋ ಸುಳ್ಳೋ ಎಂಬುದನ್ನು ಒಬ್ಬ ನ್ಯಾಯಾಧೀಶನು ಸಾವಧಾನವಾಗಿ ಕುಳಿತು ವಿಚಾರಿಸುವ ವ್ಯವಸ್ಥೆಯಿದ್ದಿದ್ದರೆ ಆ ಜೀವ ಉಳಿಯುತ್ತಿತ್ತೋ ಏನೋ. ಸತ್ಯಾಗ್ರಹದ ಹುತಾತ್ಮರೆಂದು ನಾಗಪ್ಪನ್, ನಾರಾಯಣಸ್ವಾಮಿ, ವಳ್ಳಿಯಮ್ಮ ಈ ಮೂವರನ್ನು ಗಾಂಧೀಜಿ ಕೊನೆಯವರೆಗೂ ಸ್ಮರಿಸುತ್ತಿದ್ದರು. ಮೂವರೂ ತಮಿಳು ಮನೆತನದವರು.

ಭಾರತದಲ್ಲಿ ಎದ್ದ ಕೂಗು ವ್ಯರ್ಥವಾಗಲಿಲ್ಲ. ನೇಟಾಲಿಗೆ ಕರಾರಿನ ಕೂಲಿಗಳನ್ನು ಕಳುಹಿಸುವುದನ್ನು ನಿಲ್ಲಿಸಬೇಕೆಂದು ಗೋಖಲೆಯವರು 1910ರ ಫೆಬ್ರವರಿ 25ರಂದು ವೈಸರಾಯರ ಶಾಸನ ಸಭೆಯಲ್ಲಿ ಮಂಡಿಸಿದ ಗೊತ್ತುವಳಿ ಅಂಗೀಕೃತವಾಯಿತು. 1911ರ ಜುಲೈ 1ರಿಂದ ಆ ರವಾನೆ ನಿಂತಿತು. ಐವತ್ತು ವರ್ಷ ಮದರಾಸು ಬಂದರು ಕಂಡ ದೃಶ್ಯಕ್ಕೆ ತೆರೆ ಬಿದ್ದಿತು.

ನ್ಯಾಯಾಲಯದ ಬಾಗಿಲು

ನಟೇಶನ್ ಅವರ ಇಂಡಿಯನ್ ರಿವ್ಯೂ ಹೊರದೇಶದ ಭಾರತೀಯರ ವಾರ್ತೆಗಳನ್ನು ತಿಂಗಳು ತಿಂಗಳೂ ಒದಗಿಸುತ್ತಿತ್ತು. ಆ ವರ್ಷಗಳಲ್ಲಿ ದಕ್ಷಿಣ ಆಫ್ರಿಕದಿಂದ ಬಂದ ಮೂರು ವಾರ್ತೆಗಳು ನಮ್ಮ ವಿಷಯಕ್ಕೆ ಮುಖ್ಯವಾದವು.

ಮೊದಲನೆಯದು ಛೋಟಾಭಾಯಿ ಎಂಬ ವರ್ತಕರ ಮೊಕದ್ದಮೆ. ಟ್ರಾನ್ಸ್‌ವಾಲಿನಲ್ಲಿ ಹಕ್ಕಿನಿಂದ ವಾಸಿಸುತ್ತಿದ್ದ ಅವರ ಮಗನಿಗೆ 16 ವರ್ಷ ತುಂಬಿದೊಡನೆ, ನಿನಗೆ ಚೀಟಿಯಿಲ್ಲ, ನಾಡು ಬಿಡು ಎಂದು ಅಧಿಕಾರಿಗಳು ಹೇಳಿದರು. ಟ್ರಾನ್ಸ್‌ವಾಲಿನ ನ್ಯಾಯಾಲಯದಲ್ಲಿ ಎರಡು ಹಂತಗಳಲ್ಲಿಯೂ ತಂದೆಗೆ ಸೋಲಾಯಿತು. ಆದರೆ 1911ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಅತ್ಯುಚ್ಚ ಅಪೀಲು ನ್ಯಾಯಪೀಠವು ಆ ತೀರ್ಪನ್ನು ತಳ್ಳಿಹಾಕಿ ಹುಡುಗನ ಪರವಾಗಿ ತೀರ್ಮಾನಿಸಿತು. ಒಬ್ಬ ಹುಡುಗನ ಜತೆಗೆ ಅವನಂತಹ ಅನೇಕರು ಉಳಿದುಕೊಂಡರು. ಮೇಲಿನ ಕೋರ್ಟೊಂದು ಇರುವುದರ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಎರಡನೆಯದು ಅದಕ್ಕೆ ವಿರುದ್ಧವಾದುದು. 1913ರ ಮಾರ್ಚ್ 14ರಂದು ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಅವರು, ಬಹುಪತ್ನೀತ್ವಕ್ಕೆ ಎಡೆಯಿರುವ ಮತದ ವಿಧಿಯಂತೆ ನಡೆದ ವಿವಾಹವು ಅಲ್ಲಿನ ಕಾನೂನಿಗೆ ಮಾನ್ಯವಲ್ಲವೆಂದು ತೀರ್ಪಿತ್ತರು. ಗಂಡನನ್ನು ಸೇರಲು ಬಂದ ಬಾಯಿ ಮರಿಯಂ ಎಂಬ ಸ್ತ್ರೀಗೆ ರೇವಿನಲ್ಲಿ ಇಳಿಯಲು ಅವಕಾಶ ದೊರೆಯಲಿಲ್ಲ. ಒಂದು ತೀರ್ಪಿನಿಂದ ಹಿಂದೂ ಮುಸಲ್ಮಾನ ಗೃಹಿಣಿಯರೆಲ್ಲರ ಪತ್ನೀತ್ವವೇ ಅಲುಗಾಡಿತು. ನ್ಯಾಯಾಲಯವೂ ತಪ್ಪಬಹುದೆಂಬುದನ್ನು ಇದು ತೋರಿಸಿತು. ಆದರೂ ಅಲ್ಲಿ ಒಂದು ಭೇದವಿದೆ. ತೀರ್ಪು ಬಹಿರಂಗವಾಗಿ, ಕಾರಣ ಸಹಿತವಾಗಿ ಬಂದಿತ್ತು. ಆದ್ದರಿಂದಲೇ ಅದು ಲೋಕಕ್ಕೆಲ್ಲ ತಿಳಿಯಿತು. ಅದರ ವಿರುದ್ಧ ಹೆಂಗಸರೂ ಸೆರೆಮನೆಗೆ ನಡೆದರು. 1914ರಲ್ಲಿ ಕಾನೂನು ಮಾಡಿ ಅದನ್ನು ಸರಿಪಡಿಸಬೇಕಾಯಿತು. ಅಧಿಕಾರಿಯು ಕೋಣೆಯ ಬಾಗಿಲು ಹಾಕಿಕೊಂಡು ಮಾಡಿದ ತಪ್ಪನ್ನು ಹಾಗೆ ತಿದ್ದುವುದು ಸಾಧ್ಯವಿಲ್ಲ.

ಮೂರನೆಯ ವಾರ್ತೆಯೇ ಎಲ್ಲಕ್ಕಿಂತ ಗಂಭೀರವಾದುದು. 1913ರ ಆಗಸ್ಟ್ 1ರಂದು ದಕ್ಷಿಣ ಆಫ್ರಿಕ ಒಕ್ಕೂಟದ ಹೊಸ ವಲಸೆ ಕಾನೂನು ಜಾರಿಗೆ ಬಂದಿತು. ನಾಡಿನೊಳಗೆ ಬರಲು ಅನರ್ಹನೆಂದು ವಲಸೆ ಅಧಿಕಾರಿಯು ಯಾರನ್ನು ಕರೆದನೋ ಅವನು ಸಚಿವರು ನೇಮಿಸಿದ ಮಂಡಳಿಯೊಂದರ ಮುಂದೆ ಮನವಿ ಮಾಡಿಕೊಳ್ಳಬಹುದು. ಆ ಮಂಡಳಿಯೇ ಕಾನೂನಿನ ಪ್ರಶ್ನೆಯೊಂದನ್ನು ಕೋರ್ಟಿಗೆ ಒಪ್ಪಿಸಿದರೆ ಸರಿ. ಇಲ್ಲವಾದರೆ ದೇಶದ ಯಾವ ನ್ಯಾಯಾಲಯವೂ ಸಚಿವರ, ಮಂಡಳಿಯ ಅಥವಾ ಅಧಿಕಾರಿಯ ಆಜ್ಞೆಯನ್ನು ಪರಿಶೀಲಿಸುವಂತಿಲ್ಲ, ರದ್ದುಮಾಡುವಂತಿಲ್ಲ, ತಡೆಯುವಂತಿಲ್ಲ. ಛೋಟಾಭಾಯಿಯ ಮಗನನ್ನು ಉಳಿಸಿದ ದಾರಿಗೆ ಹೀಗೆ ಗೋಡೆ ಕಟ್ಟಿದರು. ಹೆಸರಿಗೆ ಅದೊಂದು ನ್ಯಾಯಮಂಡಳಿ. ಆದರೆ ಹೊರದೂಡಬೇಕೆಂದ ಸರ್ಕಾರವೇ ವಾದಿ, ಅದೇ ಸರ್ಕಾರ ನೇಮಿಸಿದವರೇ ನ್ಯಾಯದಾತರು, ಅವರ ಮಾತೇ ಕೊನೆಯ ಮಾತು.

ಆ ವರ್ಷದ ಸೆಪ್ಟೆಂಬರಿನಲ್ಲಿ ಸತ್ಯಾಗ್ರಹವು ಪುನಃ ಪ್ರಾರಂಭವಾಯಿತು. ನವೆಂಬರ್ 6ರಂದು ಗಾಂಧೀಜಿ 2,037 ಗಂಡಸರು, 127 ಹೆಂಗಸರು, 57 ಮಕ್ಕಳನ್ನು ಕರೆದುಕೊಂಡು ಟ್ರಾನ್ಸ್‌ವಾಲಿನ ಗಡಿ ದಾಟಿ ನಡೆದರು. ಅದೇ ತಿಂಗಳು ಮದರಾಸಿಗೆ ಬಂದಿದ್ದ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅವರು ತಮ್ಮ ಭಾಷಣದಲ್ಲಿ ಸತ್ಯಾಗ್ರಹಿಗಳ ಬಗ್ಗೆ ಬಹಿರಂಗವಾಗಿ ಸಹಾನುಭೂತಿ ಸೂಚಿಸಿ, ನಿಷ್ಪಕ್ಷಪಾತವಾದ ವಿಚಾರಣೆ ನಡೆಯಬೇಕೆಂದು ಕೇಳಿದರು. ಬ್ರಿಟಿಷ್ ವೈಸರಾಯರಿಂದ ಅಂತಹ ಮಾತು ಬಂದದ್ದು ಅಪೂರ್ವ. ಆ ಮಾತಿಗೆ ಮದರಾಸಿನ ನೆಲವನ್ನು ಹದಗೊಳಿಸಿದ್ದವರಲ್ಲಿ ಸುಂಕುರಾಮ ಚೆಟ್ಟಿ ಬೀದಿಯ ಮುದ್ರಕರೂ ಒಬ್ಬರು.

1914ರ ಒಪ್ಪಂದದಿಂದ ತಲೆಗೆ ಮೂರು ಪೌಂಡಿನ ತೆರಿಗೆ ಹೋಯಿತು. ವಿವಾಹದ ಪ್ರಶ್ನೆ ಬಗೆಹರಿಯಿತು. ಆದರೆ ನ್ಯಾಯಾಲಯವನ್ನು ದೂರವಿಟ್ಟ ಆ ವಿಧಿ ಮಾತ್ರ ಉಳಿದುಕೊಂಡಿತು. ಅಧಿಕಾರವೇ ಇಲ್ಲದೆ ಮಾಡಿದ ಅಥವಾ ಮೋಸದಿಂದ ಪಡೆದ ಆಜ್ಞೆಯಾದರೆ ಮಾತ್ರ ತಾವು ಕೈಹಾಕಬಹುದೆಂದು ಅಲ್ಲಿಯ ಅಪೀಲು ನ್ಯಾಯಪೀಠವು 1923ರಲ್ಲಿ ಫಕೀರ್ ಎಂಬುವರ ಮೊಕದ್ದಮೆಯಲ್ಲಿ ಹೇಳಿತು. ಮುಚ್ಚಿದ ಬಾಗಿಲಿನಲ್ಲಿ ಒಂದು ಸಣ್ಣ ಕಿಂಡಿ ಮಾತ್ರ ಉಳಿದಂತಾಯಿತು.

ಗಾಂಧೀಜಿಯವರ ಆತಿಥೇಯ

1915ರ ಏಪ್ರಿಲ್ 17ರಂದು ಗಾಂಧೀಜಿ ಮತ್ತು ಕಸ್ತೂರಬಾ ಮದರಾಸಿನ ರೈಲು ನಿಲ್ದಾಣದಲ್ಲಿ ಇಳಿದರು. ಕಾದಿದ್ದ ಜನ ಮೇಲಿನ ತರಗತಿಯ ಗಾಡಿಗಳಲ್ಲೆಲ್ಲ ಹುಡುಕಿ ಕಾಣದೆ ಕಂಗೆಟ್ಟರು. ಅವರು ಮೂರನೆಯ ತರಗತಿಯಲ್ಲಿದ್ದರು. ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ಎಳೆದುಕೊಂಡು ಹೋದರು. ಮೇ 8ರ ವರೆಗೆ ಗಾಂಧೀಜಿ ತಂಗಿದ್ದುದು ಜಾರ್ಜ್ ಟೌನಿನಲ್ಲಿ, ನಟೇಶನ್ ಅವರ ಅತಿಥಿಯಾಗಿ.

ಏಪ್ರಿಲ್ 21ರಂದು ವಿಕ್ಟೋರಿಯಾ ಸಭಾಂಗಣದಲ್ಲಿ ಇಂಡಿಯನ್ ಸೌತ್ ಆಫ್ರಿಕನ್ ಲೀಗಿನ ಪರವಾಗಿ ಅವರಿಗೆ ಬಿನ್ನವತ್ತಳೆಯನ್ನು ಅರ್ಪಿಸಲಾಯಿತು. ಆ ಗೌರವವು ತಮಗೆ ಸಲ್ಲತಕ್ಕದ್ದಲ್ಲ, ಮದರಾಸು ಪ್ರಾಂತದಿಂದ ಹೋಗಿ ಪ್ರಾಣ ತೆತ್ತ ಬಡವರಿಗೆ ಸಲ್ಲತಕ್ಕದ್ದೆಂದು ಗಾಂಧೀಜಿ ಅಲ್ಲಿ ತಿಳಿಸಿದರು. ಗಡೀಪಾರಾದವರಿಗೆ ನಟೇಶನ್ ಮಾಡಿದ ಉಪಕಾರವನ್ನು ಅವರು ಎಂದಿಗೂ ಮರೆಯಲಿಲ್ಲ. ಮುಂದೆ ಅಸಹಕಾರ ಚಳವಳಿಯ ಕಾಲದಲ್ಲಿ ಇಬ್ಬರ ಹಾದಿಗಳೂ ಬೇರೆಯಾದವು. ನಟೇಶನ್ ಲಿಬರಲ್ ಪಕ್ಷದಲ್ಲಿ ಉಳಿದರು. ಆದರೂ ಗಾಂಧೀಜಿಯವರ ಭಾಷಣ ಲೇಖನಗಳನ್ನು ಸಂಗ್ರಹಿಸಿ ದಪ್ಪ ಸಂಪುಟವಾಗಿ ಅಚ್ಚುಮಾಡಿದ್ದು ಇದೇ ನಟೇಶನ್ ಕಂಪೆನಿ. ಮತಭೇದವು ಮೈತ್ರಿಗೆ ಅಡ್ಡಬರಲಿಲ್ಲ.

ಉತ್ತರ ಜೀವನ

ನಟೇಶನ್ ಕೇಂದ್ರ ಶಾಸನ ಮಂಡಲದ ಮೇಲ್ಮನೆಯಾಗಿದ್ದ ಕೌನ್ಸಿಲ್ ಆಫ್ ಸ್ಟೇಟಿನ ಸದಸ್ಯರಾದರು. 1928ರಲ್ಲಿ ಶಾಸಕರ ನಿಯೋಗವೊಂದರಲ್ಲಿ ಕೆನಡ ದೇಶಕ್ಕೆ ಹೋಗಿಬಂದರು. ಆ ನಾಡು ಸಹ ಭಾರತೀಯರಿಗೆ ಬಾಗಿಲು ಹಾಕಿದ ನಾಡೇ ಆಗಿತ್ತು. ಅಲ್ಲಿಯೂ ವಲಸೆ ಅಧಿಕಾರಿಗಳ ಆಜ್ಞೆಗೆ ಕೋರ್ಟು ಅಡ್ಡಬರಬಾರದೆಂದು ಕಾನೂನಿತ್ತು. ಆದರೂ 1913ರ ನವೆಂಬರಿನಲ್ಲಿ ಬ್ರಿಟಿಷ್ ಕೊಲಂಬಿಯದ ಮುಖ್ಯ ನ್ಯಾಯಾಧೀಶ ಹಂಟರ್ ಅವರು, ಸರ್ಕಾರದ ಆಜ್ಞೆಗಳು ಮೂಲ ಕಾನೂನನ್ನೇ ಮೀರಿವೆಯೆಂದು ಕಂಡು, ಸೆರೆಯಲ್ಲಿದ್ದ ಸಿಖ್ಖರನ್ನು ಬಿಡಿಸಿದ್ದರು. ಸರ್ಕಾರವು ಕೂಡಲೇ ಆಜ್ಞೆಗಳನ್ನು ತಿದ್ದಿ ಬರೆಯಿತು. 1914ರಲ್ಲಿ 376 ಮಂದಿಯನ್ನು ಹೊತ್ತು ಬಂದ ಕೊಮಗಾತ ಮಾರು ಹಡಗಿನವರಿಗೆ ಅಲ್ಲಿಯ ಅಪೀಲು ನ್ಯಾಯಾಲಯದಲ್ಲಿ ಸೋಲಾಯಿತು. ಎರಡು ತಿಂಗಳು ರೇವಿನಲ್ಲಿ ನಿಂತಿದ್ದ ಹಡಗು ಜುಲೈ 23ರಂದು ಹಿಂದಿರುಗಬೇಕಾಯಿತು. ಖಂಡ ಬೇರೆ, ಕಥೆ ಒಂದೇ.

1938ರಲ್ಲಿ ನಟೇಶನ್ ಮದರಾಸಿನ ಷೆರೀಫರಾದರು. ಮೂಲತಃ ನ್ಯಾಯಾಲಯದ ಆಜ್ಞೆಗಳನ್ನು ನಡೆಸಿಕೊಡಲು ಏರ್ಪಟ್ಟಿದ್ದ ಈ ಪದವಿ ಆ ವೇಳೆಗೆ ಊರಿನ ಗಣ್ಯರಿಗೆ ಸಲ್ಲುವ ಗೌರವವಾಗಿತ್ತು. ಅದೇ ವರ್ಷ ನಮ್ಮ ಮಂಗಳೂರಿನ ಸರ್ ಬೆನಗಲ್ ರಾಮರಾಯರು ಭಾರತದ ಪ್ರತಿನಿಧಿಯಾಗಿ ದಕ್ಷಿಣ ಆಫ್ರಿಕಕ್ಕೆ ಹೋಗಿ, 1941ರ ವರೆಗೆ ಅಲ್ಲಿಯ ಭಾರತೀಯರ ಹಿತವನ್ನು ನೋಡಿಕೊಂಡರೆಂಬುದನ್ನು ಕನ್ನಡಿಗರು ನೆನೆಯಬಹುದು. ದೇಶವು ಸ್ವತಂತ್ರವಾದುದನ್ನು ಕಣ್ಣಾರೆ ಕಂಡು, ಬಳಿಕ ಸ್ವಲ್ಪ ಕಾಲದಲ್ಲಿಯೇ ನಟೇಶನ್ ಇಹಲೋಕವನ್ನು ತ್ಯಜಿಸಿದರು.

ನಮಗೆ ಉಳಿದ ಪಾಠ

1956ರ ವರೆಗೆ ದಕ್ಷಿಣ ಕನ್ನಡವು ಮದರಾಸು ಪ್ರಾಂತದಲ್ಲಿತ್ತು. ಉಡುಪಿ ಮಂಗಳೂರುಗಳ ದಾವೆಗಳು ಪ್ಯಾರೀಸ್ ಕಾರ್ನರಿನ ಈ ಕೆಂಪು ಕಟ್ಟಡಕ್ಕೇ ಅಪೀಲು ಬರುತ್ತಿದ್ದವು. ಪ್ರಾಂತ ಬೇರೆಯಾದ ಮೇಲೆಯೂ ನಮ್ಮವರು ಇಲ್ಲಿಗೆ ಬರುವುದು ನಿಲ್ಲಲಿಲ್ಲ. ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ರಾಜ್ಯಾಂಗವು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಅಧಿಕಾರಿಯ ಆಜ್ಞೆ ಅನ್ಯಾಯವೆಂದು ಕಂಡರೆ 226ನೆಯ ಅನುಚ್ಛೇದದಂತೆ ಹೈಕೋರ್ಟಿಗೆ ರಿಟ್ ಅರ್ಜಿ ಕೊಡುವ ಹಾದಿಯೂ ಇದೆ. 1997ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠವು ಎಲ್. ಚಂದ್ರಕುಮಾರ್ ಮೊಕದ್ದಮೆಯಲ್ಲಿ, ಯಾವ ನ್ಯಾಯಮಂಡಳಿಯನ್ನು ಸ್ಥಾಪಿಸಿದರೂ ಹೈಕೋರ್ಟಿನ ಈ ಪರಿಶೀಲನಾಧಿಕಾರವನ್ನು ಕಿತ್ತುಕೊಳ್ಳುವಂತಿಲ್ಲವೆಂದು ಸ್ಪಷ್ಟಪಡಿಸಿತು. 1913ರಲ್ಲಿ ದಕ್ಷಿಣ ಆಫ್ರಿಕ ಮಾಡಿದ್ದನ್ನು ಸ್ವತಂತ್ರ ಭಾರತದ ಶಾಸನ ಸಭೆ ಮಾಡಲಾರದು.

ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಅಸ್ಸಾಮಿನಲ್ಲಿ 1964ರ ಆಜ್ಞೆಯಂತೆ ಏರ್ಪಟ್ಟ ವಿದೇಶೀಯರ ನ್ಯಾಯಮಂಡಳಿಗಳ ಮುಂದೆ ತಾನು ಈ ದೇಶದವನೆಂದು ತೋರಿಸುವ ಹೊಣೆ ಆಪಾದನೆಗೊಳಗಾದವನ ಮೇಲೆಯೇ ಬೀಳುತ್ತದೆ. ಕಾಗದಪತ್ರಗಳನ್ನು ಜೋಪಾನ ಮಾಡಲರಿಯದ ಬಡವನಿಗೆ ಇದೆಷ್ಟು ಕಷ್ಟವೆಂಬುದನ್ನು ಹೇಳಬೇಕಾಗಿಲ್ಲ. ಹೈಕೋರ್ಟಿನ ಹಾದಿ ತೆರೆದಿದ್ದರೂ ಅಲ್ಲಿಯವರೆಗೆ ನಡೆಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಯಾವ ದೇಶವೇ ಆಗಲಿ, ಯಾರು ಒಳಗೆ ಬರಬೇಕು, ಯಾರು ಬರಬಾರದು ಎಂದು ನಿರ್ಣಯಿಸುವ ಅಧಿಕಾರ ಅದಕ್ಕೆ ಇದ್ದೇ ಇದೆ. ಆದರೆ ಮನುಷ್ಯನೊಬ್ಬನನ್ನು ಅವನ ಮನೆಯಿಂದ ಕೀಳುವ ಮೊದಲು ಸರ್ಕಾರದ ಹಂಗಿಲ್ಲದ ನ್ಯಾಯಾಧೀಶನು ಅವನ ಮಾತನ್ನು ಕೇಳಬೇಕು; ತೀರ್ಮಾನಕ್ಕೆ ಕಾರಣಗಳನ್ನು ಬರೆಯಬೇಕು; ಅವನಿಗೆ ವಕೀಲರೂ ಕಾಲಾವಕಾಶವೂ ದೊರೆಯಬೇಕು; ತಪ್ಪಾದರೆ ತಿದ್ದಲು ಮೇಲೊಂದು ಕೋರ್ಟಿರಬೇಕು. ನಾರಾಯಣಸ್ವಾಮಿಗೆ ಇವುಗಳಲ್ಲಿ ಒಂದೂ ದೊರೆಯಲಿಲ್ಲ.

ನಮ್ಮ ಕರಾವಳಿಯ ತರುಣರು ಇಂದು ಮದರಾಸು ಮುಂಬಯಿಗಳನ್ನು ದಾಟಿ ಕೊಲ್ಲಿಯ ದೇಶಗಳ ಹೋಟೆಲುಗಳಿಗೂ ಕಛೇರಿಗಳಿಗೂ ಹೋಗುತ್ತಿದ್ದಾರೆ. ಅವರ ಬಾಳು ಒಂದು ಮುದ್ರೆಯ ಮೇಲೆ, ಒಬ್ಬ ಅಧಿಕಾರಿಯ ಸಹಿಯ ಮೇಲೆ ನಿಂತಿರುತ್ತದೆ. ಹಾಗೆ ಹೋದವನು ಒಂದು ದಿನ ಬರಿಗೈಯಲ್ಲಿ ಹಿಂದಿರುಗಿ ಬಂದರೆ ಅವನನ್ನು ಸೋತವನೆಂದು ಹಳಿಯದೆ, ಮೊದಲು ಅನ್ನವಿಕ್ಕಿ, ಬಳಿಕ ಅವನ ಅಹವಾಲನ್ನು ಕೇಳಿ, ಅವನ ಹಕ್ಕು ಎಲ್ಲಿದೆಯೋ ಅಲ್ಲಿಗೆ ಅವನ ದನಿಯನ್ನು ಮುಟ್ಟಿಸಲು ಯತ್ನಿಸುವುದು ನಮ್ಮ ಕರ್ತವ್ಯ. ಸುಂಕುರಾಮ ಚೆಟ್ಟಿ ಬೀದಿಯ ಮುದ್ರಕರು 1910ರಲ್ಲಿ ಮಾಡಿದ್ದು ಅಷ್ಟೇ. ಮುಂದಿನ ಸಲ ಆ ಬೀದಿಯಲ್ಲಿ ನಡೆದುಹೋಗುವಾಗ ವಾಚಕರು ಆ ಹಿರಿಯರನ್ನೊಮ್ಮೆ ನೆನೆಯಲಿ.